ಫುಡ್ ಸೈನ್ಸ್ ಓದಬೇಕು ಅಂತಿದ್ದೀರಾ? ಕೋರ್ಸ್ ಆರಿಸುವುದರಿಂದ ಮೊದಲ ಕೆಲಸದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಹಾಲಿನ ಪ್ಯಾಕೆಟ್ ಮೇಲೆ ಪಾಶ್ಚರೀಕರಿಸಿದ ಹಾಲು ಅಂತ ಬರೆದಿರುತ್ತದೆ. ಸಾಮಾನ್ಯವಾಗಿ ಅದರ ಅರ್ಥ ಇಷ್ಟು: ಆ ಹಾಲನ್ನು ಕನಿಷ್ಠ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡ್ ಕಾಯಿಸಿ, ತಕ್ಷಣ ತಣ್ಣಗೆ ಮಾಡಿದ್ದಾರೆ. ಸರಿ, ನಿಜವಾಗಿಯೂ ಕಾಯಿಸಿದ್ದಾರಾ? ಕಣ್ಣಿಗೆ ಗೊತ್ತಾಗುವುದಿಲ್ಲ. ನಾಲಿಗೆಗೂ ಗೊತ್ತಾಗುವುದಿಲ್ಲ. ಆದರೆ ಲ್ಯಾಬ್‌ನಲ್ಲಿ ಗೊತ್ತಾಗುತ್ತದೆ. ಹಸಿ ಹಾಲಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಅನ್ನುವ ಕಿಣ್ವ ಇರುತ್ತದೆ. ಹಸಿ ಹಾಲಿನಿಂದ ಹರಡುವ ರೋಗಾಣುಗಳನ್ನು ಕೊಲ್ಲಲು ಎಷ್ಟು ಶಾಖ ಬೇಕೋ ಅದಕ್ಕಿಂತ ಚೂರು ಜಾಸ್ತಿ ಶಾಖ ಬಿದ್ದರೆ ಈ ಕಿಣ್ವ ಕೆಲಸ ನಿಲ್ಲಿಸುತ್ತದೆ. ಹಾಗಾಗಿ ಪ್ಯಾಕೆಟ್ ಹಾಲಿನಲ್ಲಿ ಕಿಣ್ವ ಇನ್ನೂ ಚುರುಕಾಗಿದ್ದರೆ ಎರಡರಲ್ಲಿ ಒಂದು ನಡೆದಿದೆ. ಸರಿಯಾಗಿ ಕಾಯಿಸಿಲ್ಲ, ಇಲ್ಲವೇ ಎಲ್ಲೋ ಹಸಿ ಹಾಲು ಸೇರಿಕೊಂಡಿದೆ.

ಕಾಲೇಜಿನಲ್ಲಿ ಈ ಪರೀಕ್ಷೆಯನ್ನು ಮೊದಲ ಸಲ ಮಾಡಿದಾಗ ನನಗೆ ಈ ವಿಷಯ ಯಾಕೆ ಬೇಕು ಅಂತ ಗೊತ್ತಾಯಿತು. ಬ್ಯಾಕ್ಟೀರಿಯಾ ಎಣಿಸುವುದಕ್ಕೆ ದಿನಗಟ್ಟಲೆ ಕಾಯಬೇಕು. ಇಲ್ಲಿ ಬರೀ ಒಂದು ಬಣ್ಣ ಬದಲಾಗುವುದನ್ನು ನೋಡಿ, ಸಾವಿರಾರು ಲೀಟರ್ ಹಾಲು ಹೊರಗೆ ಹೋಗಬಹುದಾ ಬೇಡವಾ ಅಂತ ಹೇಳಬಹುದು. ಈ ಓದಿಗೆ ಬರಬೇಕು ಅಂತಿರುವವರು ಮೊದಲೇ ತಿಳಿದಿರಬೇಕಾದ್ದನ್ನು, ನನಗೆ ಯಾರಾದರೂ ಹೀಗೆ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಹೆಜ್ಜೆ 1: ಇದು ಯಾವ ಕೋರ್ಸ್ ಅಂತ ಸರಿಯಾಗಿ ತಿಳಿದುಕೊಳ್ಳಿ

ಸೇರಿದ ಮೇಲೆ "ಅಯ್ಯೋ, ನಾನು ಅಂದುಕೊಂಡಿದ್ದು ಇದಲ್ಲ" ಅನ್ನುವವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ಹೆಸರುಗಳು ಹತ್ತಿರ ಹತ್ತಿರ ಇರುವುದರಿಂದ ಹೀಗಾಗುತ್ತದೆ.

ಅಡುಗೆ ಕಲಿಯಬೇಕು ಅಂದರೆ ಕಲಿನರಿ ಅಥವಾ ಹೋಟೆಲ್ ಮ್ಯಾನೇಜ್‌ಮೆಂಟ್ ಕೋರ್ಸ್. ಊಟ ದೇಹಕ್ಕೆ ಏನು ಮಾಡುತ್ತದೆ, ರೋಗಿಗೆ ಏನು ಕೊಡಬೇಕು ಅನ್ನುವುದು ನ್ಯೂಟ್ರಿಷನ್ ಮತ್ತು ಡಯಟೆಟಿಕ್ಸ್. ಆಹಾರ ಹೊಟ್ಟೆಗೆ ಹೋಗುವ ಮುಂಚೆ ಅದರೊಳಗೆ ಏನಾಗುತ್ತದೆ ಅನ್ನುವುದು ಫುಡ್ ಸೈನ್ಸ್. ಬಿಸ್ಕತ್ತು ಯಾಕೆ ಮೆತ್ತಗಾಯಿತು, ಜ್ಯೂಸ್‌ನ ಬಣ್ಣ ಯಾಕೆ ಮಾಸಿತು, ಡಬ್ಬಿ ಯಾಕೆ ಊದಿಕೊಂಡಿತು, ಇಂಥ ಪ್ರಶ್ನೆಗಳು. ಅದೇ ತಿಳಿವಳಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಕೆಲಸಕ್ಕೆ ಹಚ್ಚುವುದು ಫುಡ್ ಟೆಕ್ನಾಲಜಿ. ಯಂತ್ರ, ಪೈಪು, ಪಂಪು, ಶಾಖ ಸಾಗಿಸುವ ಲೆಕ್ಕ ಜಾಸ್ತಿ ಇದ್ದರೆ ಅದು ಫುಡ್ ಎಂಜಿನಿಯರಿಂಗ್. ಈ ಕೊನೆಯ ಮೂರರ ನಡುವೆ ಗೋಡೆ ತೀರಾ ತೆಳ್ಳಗಿದೆ. ಎಷ್ಟೋ ಕಾಲೇಜುಗಳಲ್ಲಿ ಮೂರನ್ನೂ ಒಟ್ಟಿಗೆ ಸೇರಿಸಿ ಒಂದೇ ಪದವಿ ಕೊಡುತ್ತಾರೆ. ಅದಕ್ಕೇ ಕೋರ್ಸ್ ಹೆಸರು ನೋಡಿ ತೀರ್ಮಾನ ಮಾಡಬೇಡಿ, ಸಿಲಬಸ್ ತೆರೆದು ನೋಡಿ.

ಹೆಜ್ಜೆ 2: ಎರಡು ದಿನದ ಒಂದು ಪ್ರಯೋಗ ಮಾಡಿ ನೋಡಿ

ಈ ಓದು ನಿಮಗೆ ಹಿಡಿಸುತ್ತದಾ ಅಂತ ತಿಳಿಯಲು ಫೀಸು ಕಟ್ಟಬೇಕಾಗಿಲ್ಲ. ಒಂದೇ ಬ್ರೆಡ್ ಪ್ಯಾಕ್‌ನಿಂದ ಮೂರು ಹೋಳು ತೆಗೆದುಕೊಳ್ಳಿ. ಮೂರನ್ನೂ ಬೇರೆ ಬೇರೆ ಕವರ್‌ನಲ್ಲಿ ಗಾಳಿ ಆಡದ ಹಾಗೆ ಮುಚ್ಚಿ. ಒಂದನ್ನು ಹೊರಗಿಡಿ, ಒಂದನ್ನು ಫ್ರಿಜ್‌ನಲ್ಲಿ, ಇನ್ನೊಂದನ್ನು ಫ್ರೀಜರ್‌ನಲ್ಲಿ. ಎರಡು ದಿನ ಬಿಟ್ಟು ಫ್ರೀಜರ್‌ನ ಹೋಳನ್ನು ಕವರ್ ಬಿಚ್ಚದೆ ಹೊರಗಿಟ್ಟು ಸಾಮಾನ್ಯ ಉಷ್ಣತೆಗೆ ಬರಲು ಬಿಡಿ. ಆಮೇಲೆ ಮೂರನ್ನೂ ಒತ್ತಿ ನೋಡಿ, ಮಡಚಿ ನೋಡಿ.

ಫ್ರಿಜ್‌ನಲ್ಲಿಟ್ಟಿದ್ದೇ ಎಲ್ಲಕ್ಕಿಂತ ಗಟ್ಟಿಯಾಗಿರುತ್ತದೆ. ಒಣಗಿತು ಅಂತ ಹೇಳುವ ಹಾಗಿಲ್ಲ, ಕವರ್ ಮುಚ್ಚೇ ಇತ್ತು. ಬೇಯುವಾಗ ನೀರು ಹೀರಿ ಅರಳಿಕೊಂಡ ಪಿಷ್ಟದ ಸರಪಳಿಗಳು ತಣ್ಣಗಾದ ಮೇಲೆ ಮತ್ತೆ ಸಾಲಾಗಿ ಜೋಡಿಸಿಕೊಳ್ಳುತ್ತವೆ. ಇದಕ್ಕೆ ರೆಟ್ರೋಗ್ರೇಡೇಶನ್ ಅಂತ ಹೆಸರು. ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಸ್ವಲ್ಪ ಮೇಲಿನ ಉಷ್ಣತೆಯಲ್ಲಿ, ಅಂದರೆ ಸರಿಯಾಗಿ ಫ್ರಿಜ್‌ನ ಉಷ್ಣತೆಯಲ್ಲಿ, ಇದು ತುಂಬ ಬೇಗ ನಡೆಯುತ್ತದೆ. ಫ್ರೀಜರ್‌ನಲ್ಲಿ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಆದರೆ ಹೊರಗಿಟ್ಟ ಹೋಳಿಗೆ ಬೂಸ್ಟು ಬೇಗ ಬರುತ್ತದೆ. ಅಂದರೆ ಒಂದೇ ಬ್ರೆಡ್ ಎರಡು ದಾರಿಯಲ್ಲಿ ಕೆಡುತ್ತದೆ. ಒಂದನ್ನು ತಡೆಯಲು ಹೋದರೆ ಇನ್ನೊಂದು ಜೋರಾಗುತ್ತದೆ.

ಇದನ್ನು ಓದುವಾಗ "ಹಾಗಾದರೆ ಬ್ರೆಡ್‌ನಲ್ಲಿ ಎಣ್ಣೆಯ ಅಂಶ ಜಾಸ್ತಿ ಇದ್ದರೆ ಏನಾಗುತ್ತದೆ?" ಅಂತ ನಿಮಗೆ ತಾನಾಗಿ ಪ್ರಶ್ನೆ ಬಂತಾ? ಮೂರು ಹೋಳಿನ ಬಗ್ಗೆ ಗಂಟೆ, ಉಷ್ಣತೆ ಎಲ್ಲ ಬರೆದಿಡಬೇಕು ಅನ್ನಿಸಿತಾ? ಹಾಗಿದ್ದರೆ ಧೈರ್ಯವಾಗಿ ಬನ್ನಿ. ರುಚಿ ನೋಡುವ ಆಸೆ ಒಂದೇ ಇದ್ದರೆ ಮಾತ್ರ ಇನ್ನೊಂದು ಸಲ ಯೋಚಿಸಿ. ಇಲ್ಲಿ ದಿನವೆಲ್ಲ ನಡೆಯುವುದು ಅಳತೆ. ಅಳೆಯುವುದು, ಬರೆಯುವುದು, ಮತ್ತೆ ಅಳೆಯುವುದು.

ಹೆಜ್ಜೆ 3: ಕಾಲೇಜಿಗೆ ಸೇರುವ ಮುಂಚೆ ತಳಪಾಯ

ಕೆಮಿಸ್ಟ್ರಿ ಬೇಕೇ ಬೇಕು. ಬಯಾಲಜಿ ಮತ್ತು ಗಣಿತ ಎರಡೂ ಇದ್ದರೆ ಒಳ್ಳೆಯದು. ಫಿಸಿಕ್ಸ್ ಬಿಟ್ಟವರು ಎಂಜಿನಿಯರಿಂಗ್ ಪೇಪರ್‌ಗಳಲ್ಲಿ ಒದ್ದಾಡುವುದನ್ನು ನೋಡಿದ್ದೇನೆ. ಬಯಾಲಜಿ ಓದಿಲ್ಲದವರು ಹೇಗೋ ಹಿಡಿದುಕೊಳ್ಳುತ್ತಾರೆ, ಕೆಮಿಸ್ಟ್ರಿ ಗಟ್ಟಿಯಿಲ್ಲದವರಿಗೆ ಮಾತ್ರ ಕೊನೆಯವರೆಗೂ ಕಷ್ಟ. ಮೋಲ್ ಲೆಕ್ಕ, ಆಮ್ಲ ಮತ್ತು ಪ್ರತ್ಯಾಮ್ಲ, ಸಾವಯವ ರಸಾಯನದ ಗುಂಪುಗಳು, ಲಾಗರಿದಮ್. ರಜೆಯಲ್ಲಿ ಈ ನಾಲ್ಕನ್ನು ತಿದ್ದಿಕೊಂಡು ಬಂದರೆ ಮೊದಲ ವರ್ಷ ಹಗುರ.

ಹೆಜ್ಜೆ 4: ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಪೈಲಟ್ ಪ್ಲಾಂಟ್ ನೋಡಿ

ಪೈಲಟ್ ಪ್ಲಾಂಟ್ ಅಂದರೆ ಕಾರ್ಖಾನೆಯ ಯಂತ್ರಗಳ ಚಿಕ್ಕ ರೂಪ. ಸಣ್ಣ ಪಾಶ್ಚರೈಸರ್, ದ್ರವವನ್ನು ಸಿಂಪಡಿಸಿ ಪುಡಿ ಮಾಡುವ ಸಣ್ಣ ಸ್ಪ್ರೇ ಡ್ರೈಯರ್, ಡಬ್ಬಿಗಳನ್ನು ಒತ್ತಡದಲ್ಲಿ ಬೇಯಿಸುವ ರಿಟಾರ್ಟ್, ಹಿಟ್ಟನ್ನು ಒತ್ತಿ ಆಕಾರ ಕೊಡುವ ಎಕ್ಸ್‌ಟ್ರೂಡರ್. ಕಾಲೇಜು ನೋಡಲು ಹೋದಾಗ ಇದನ್ನು ತೋರಿಸಿ ಅಂತ ಕೇಳಿ. ಬಾಗಿಲಿಗೆ ಬೀಗ, ಯಂತ್ರದ ಮೇಲೆ ಧೂಳು ಇದ್ದರೆ ನಿಮಗೆ ಉತ್ತರ ಸಿಕ್ಕಿತು ಅಲ್ವಾ? ಲಾಗ್ ಬುಕ್ ಕೇಳಿ ನೋಡಿ. ಕೊನೆಯ ಸಲ ಯಂತ್ರ ಓಡಿಸಿದ ದಿನ ಅದರಲ್ಲಿರುತ್ತದೆ.

ಅಲ್ಲಿನ ಸೀನಿಯರ್ ವಿದ್ಯಾರ್ಥಿಗಳ ಹತ್ತಿರ ಇವಿಷ್ಟು ಕೇಳಿ. ಪ್ರಾಕ್ಟಿಕಲ್ಸ್‌ನಲ್ಲಿ ಎಷ್ಟು ಜನಕ್ಕೆ ಒಂದು ಸೆಟ್? ಪ್ರಯೋಗ ನಾವೇ ಮಾಡುತ್ತೇವಾ ಅಥವಾ ಮಾಡಿ ತೋರಿಸುತ್ತಾರಾ? ಇಂಟರ್ನ್‌ಶಿಪ್ ಕಡ್ಡಾಯವಾ, ಎಷ್ಟು ತಿಂಗಳು, ಕಂಪನಿ ಯಾರು ಹುಡುಕುತ್ತಾರೆ? ರುಚಿ, ವಾಸನೆ ಪರೀಕ್ಷಿಸುವ ಸೆನ್ಸರಿ ಲ್ಯಾಬ್ ಇದೆಯಾ? ಕಳೆದ ವರ್ಷ ಪಾಸಾದವರು ಈಗ ಎಲ್ಲಿದ್ದಾರೆ?

ಸಿಲಬಸ್‌ನಲ್ಲಿ ಫುಡ್ ಕೆಮಿಸ್ಟ್ರಿ, ಫುಡ್ ಮೈಕ್ರೋಬಯಾಲಜಿ, ಪ್ರೊಸೆಸಿಂಗ್ ಮತ್ತು ಎಂಜಿನಿಯರಿಂಗ್, ಸೆನ್ಸರಿ, ಅಂಕಿಅಂಶ ಶಾಸ್ತ್ರ, ಆಹಾರ ಕಾನೂನು ಇವೆಲ್ಲ ಬೇರೆ ಬೇರೆ ಪೇಪರ್‌ಗಳಾಗಿ ಇವೆಯಾ ನೋಡಿ. 1939ರಲ್ಲಿ ಅಮೆರಿಕದಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಆಫ್ ಫುಡ್ ಟೆಕ್ನಾಲಜಿಸ್ಟ್ಸ್ ಸಂಸ್ಥೆ ಪದವಿ ಕೋರ್ಸ್‌ಗಳಿಗೆ ಮಾನದಂಡ ಹಾಕಿಕೊಟ್ಟಿದೆ. ಅದರ ಪಕ್ಕದಲ್ಲಿಟ್ಟು ಸಿಲಬಸ್ ಹೋಲಿಸಿ ನೋಡಬಹುದು.

ಹೆಜ್ಜೆ 5: ತರಗತಿಯಲ್ಲಿ ಯಾವುದನ್ನು ಗಟ್ಟಿ ಮಾಡಿಕೊಳ್ಳಬೇಕು

ಪೇಪರ್‌ಗಳು ತುಂಬ ಇರುತ್ತವೆ. ಕೆಲಸದಲ್ಲಿ ದಿನಾ ಕೈಗೆ ಬರುವ ನಾಲ್ಕನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲನೆಯದು ಎರಡು ಅಂಕಿ, ಪಿಎಚ್ ಮತ್ತು ವಾಟರ್ ಆಕ್ಟಿವಿಟಿ. ಪಿಎಚ್ ಎಲ್ಲರಿಗೂ ಗೊತ್ತು. ವಾಟರ್ ಆಕ್ಟಿವಿಟಿ ಅಂದರೆ ಆಹಾರದಲ್ಲಿ ಒಟ್ಟು ಎಷ್ಟು ನೀರಿದೆ ಅನ್ನುವುದಲ್ಲ, ಸೂಕ್ಷ್ಮಜೀವಿಗಳಿಗೆ ಎಷ್ಟು ನೀರು ಸಿಗುತ್ತದೆ ಅನ್ನುವುದು. ಶುದ್ಧ ನೀರಿಗೆ ಇದು 1. ಹೆಚ್ಚಿನ ಬ್ಯಾಕ್ಟೀರಿಯಾ 0.91ಕ್ಕಿಂತ ಕೆಳಗೆ ಬೆಳೆಯುವುದಿಲ್ಲ. ಸ್ಟಫಿಲೋಕಾಕಸ್ ಆರಿಯಸ್ ಮಾತ್ರ ಗಟ್ಟಿ ಆಸಾಮಿ, ಸುಮಾರು 0.85ರವರೆಗೂ ಎಳೆಯುತ್ತದೆ. 0.60ಕ್ಕಿಂತ ಕೆಳಗೆ ಬೂಸ್ಟು ಕೂಡ ಬೆಳೆಯುವುದಿಲ್ಲ. ಇನ್ನು ಪಿಎಚ್ 4.6 ಅನ್ನುವ ಗೆರೆ. ಬೊಟುಲಿಸಮ್ ವಿಷ ತಯಾರಿಸುವ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಈ ಗೆರೆಯ ಕೆಳಗೆ ಬೆಳೆಯುವುದಿಲ್ಲ. ಹಾಗಾಗಿ ಹುಳಿ ಇರುವ ಹಣ್ಣಿನ ಡಬ್ಬಿಯನ್ನು ಕುದಿಯುವ ನೀರಿನ ಶಾಖದಲ್ಲಿ ಮುಗಿಸಬಹುದು. ಹುಳಿ ಇಲ್ಲದ ತರಕಾರಿ, ಮಾಂಸದ ಡಬ್ಬಿಗೆ 121 ಡಿಗ್ರಿಯ ಒತ್ತಡದ ಶಾಖ ಬೇಕು. ಯಾವ ಆಹಾರ ಕಂಡರೂ ಮೊದಲು ಈ ಎರಡು ಅಂಕಿ ಎಷ್ಟಿರಬಹುದು ಅಂತ ಮನಸ್ಸಿನಲ್ಲೇ ಊಹಿಸುವ ರೂಢಿ ಮಾಡಿಕೊಳ್ಳಿ. ಆಮೇಲೆ ಮೀಟರ್ ಇಟ್ಟು ನೋಡಿ.

ಎರಡನೆಯದು ಶಾಖದ ಲೆಕ್ಕ. ಫ್ರಾನ್ಸಿನ ಮಿಠಾಯಿ ತಯಾರಕ ನಿಕೋಲಾ ಅಪೇರ್ ಗಾಜಿನ ಬಾಟಲಿಯಲ್ಲಿ ಆಹಾರ ಮುಚ್ಚಿ ಕುದಿಸಿಟ್ಟರೆ ಕೆಡುವುದಿಲ್ಲ ಅಂತ ತೋರಿಸಿ, 1810ರಲ್ಲಿ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ಯಾಕೆ ಕೆಡುವುದಿಲ್ಲ ಅಂತ ಅವನಿಗೆ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳ ವಿಷಯ ಲೂಯಿ ಪಾಶ್ಚರ್ ಹೇಳಿದ್ದು ಸುಮಾರು ಅರ್ಧ ಶತಮಾನದ ಮೇಲೆ. ಹಾಗಿದ್ದರೂ ಡಬ್ಬಿಗಳು ಆಗಾಗ ಊದಿ ಹಾಳಾಗುತ್ತಲೇ ಇದ್ದವು. 1890ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿಯಲ್ಲಿ ಸ್ಯಾಮ್ಯುಯೆಲ್ ಪ್ರೆಸ್ಕಾಟ್ ಮತ್ತು ಡಬ್ಬಿ ಉದ್ಯಮದ ವಿಲಿಯಂ ಅಂಡರ್‌ವುಡ್ ಕೂತು ಯಾವ ಶಾಖ ಎಷ್ಟು ಹೊತ್ತು ಅಂತ ಅಳೆದರು. ಕುದಿಯುವ ನೀರಿನಲ್ಲೂ ಬದುಕುವ ಬೀಜಕಗಳು, ಅಂದರೆ ಬ್ಯಾಕ್ಟೀರಿಯಾದ ಗಟ್ಟಿ ಕವಚದ ರೂಪಗಳು, ಇವೆ ಅಂತ ಗೊತ್ತಾಯಿತು.

ಈಗ ನೀವು ಕಲಿಯುವ ಲೆಕ್ಕ ಹೀಗಿದೆ. 121.1 ಡಿಗ್ರಿಯಲ್ಲಿ ಬೊಟುಲಿನಮ್ ಬೀಜಕಗಳಲ್ಲಿ 90 ಶೇಕಡಾ ಸಾಯಲು ಸುಮಾರು 0.21 ನಿಮಿಷ ಬೇಕು. ಇದಕ್ಕೆ ಡಿ ವ್ಯಾಲ್ಯೂ ಅನ್ನುತ್ತಾರೆ. ಹೀಗೆ 12 ಸಲ ಹತ್ತನೇ ಒಂದಕ್ಕೆ ಇಳಿಸಬೇಕು ಅನ್ನುವುದು ನಿಯಮ. 12ನ್ನು 0.21ರಿಂದ ಗುಣಿಸಿ, 2.52 ನಿಮಿಷ. ಕೆಲಸದಲ್ಲಿ ಕನಿಷ್ಠ 3 ನಿಮಿಷ ಅಂತ ಹಿಡಿಯುತ್ತಾರೆ. ಆದರೆ ಗಮನಿಸಿ, ಆ 3 ನಿಮಿಷ ರಿಟಾರ್ಟ್‌ನ ಒಳಗಿನದಲ್ಲ, ಡಬ್ಬಿಯೊಳಗೆ ಎಲ್ಲಕ್ಕಿಂತ ನಿಧಾನವಾಗಿ ಕಾಯುವ ಜಾಗದ್ದು. ತೆಳ್ಳಗಿನ ಸೂಪ್ ಆದರೆ ಬಿಸಿ ಮೇಲೆ ಕೆಳಗೆ ಓಡಾಡುತ್ತದೆ, ಆ ತಣ್ಣನೆಯ ಜಾಗ ನಡುವಿನಿಂದ ಕೆಳಗಿರುತ್ತದೆ. ಮಂದವಾದ ಪೇಸ್ಟ್ ಆದರೆ ಸರಿಯಾಗಿ ನಟ್ಟನಡುವೆ. ಡಬ್ಬಿಗೆ ತೂತು ಕೊರೆದು, ಉಷ್ಣತೆ ಅಳೆಯುವ ತಂತಿಯಾದ ಥರ್ಮೋಕಪಲ್‌ನ ತುದಿಯನ್ನು ಆ ಜಾಗಕ್ಕೇ ತಲುಪಿಸಿ, ನಿಮಿಷ ನಿಮಿಷಕ್ಕೂ ಉಷ್ಣತೆ ಬರೆದುಕೊಳ್ಳುವ ಪ್ರಾಕ್ಟಿಕಲ್ ಇರುತ್ತದೆ. ಆ ದಿನ ಮಾತ್ರ ತಪ್ಪಿಸಬೇಡಿ. ರಿಟಾರ್ಟ್‌ನ ಮೀಟರ್ 121 ತೋರಿಸುತ್ತಿರುತ್ತದೆ, ನಿಮ್ಮ ಡಬ್ಬಿಯ ನಡುವೆ ಇನ್ನೂ 80 ಇರಬಹುದು. ಇದನ್ನು ಒಂದು ಸಲ ಕಣ್ಣಾರೆ ನೋಡಿದವರು ಯಂತ್ರದ ಹೊರಗಿನ ಮೀಟರ್ ಒಂದನ್ನೇ ನಂಬಿ ಸಹಿ ಹಾಕುವುದಿಲ್ಲ.

ಮೂರನೆಯದು ಸೆನ್ಸರಿ, ಅಂದರೆ ರುಚಿ ನೋಡುವ ಶಿಸ್ತು. ಸಕ್ಕರೆ ಕಡಿಮೆ ಮಾಡಿದ ಹೊಸ ಜ್ಯೂಸ್‌ಗೂ ಹಳೆಯದಕ್ಕೂ ವ್ಯತ್ಯಾಸ ತಿಳಿಯುತ್ತದಾ? ಸುಮ್ನೆ ನಾಲ್ಕು ಜನರನ್ನು ಕೇಳಿದರೆ ಆಗುವುದಿಲ್ಲ. ಮೂರು ಲೋಟ ಕೊಡುತ್ತೀರಿ. ಎರಡರಲ್ಲಿ ಒಂದೇ ಜ್ಯೂಸ್, ಒಂದರಲ್ಲಿ ಬೇರೆ. ಲೋಟದ ಮೇಲೆ ಎ, ಬಿ, ಸಿ ಅಂತ ಬರೆಯಬಾರದು, ಎ ಅಂದರೆ ಒಳ್ಳೆಯದು ಅಂತ ಮನಸ್ಸು ತಾನೇ ಅಂದುಕೊಳ್ಳುತ್ತದೆ. 482, 917 ಥರ ಮೂರಂಕಿಯ ಸಂಖ್ಯೆ ಹಾಕಬೇಕು. ಇಡುವ ಕ್ರಮವನ್ನೂ ಒಬ್ಬೊಬ್ಬರಿಗೆ ಬದಲಿಸಬೇಕು. ಬಣ್ಣದಲ್ಲಿ ವ್ಯತ್ಯಾಸ ಇದ್ದರೆ ಕೆಂಪು ದೀಪ ಹಾಕುತ್ತಾರೆ. ಬೇರೆಯದು ಯಾವುದು ಅಂತ ಹೇಳಿ ಅಷ್ಟೇ, ಗೊತ್ತಾಗದಿದ್ದರೂ ಒಂದನ್ನು ಊಹಿಸಿ. ಸುಮ್ನೆ ಊಹಿಸಿದರೂ ಮೂರರಲ್ಲಿ ಒಬ್ಬರದು ಸರಿ ಬರುತ್ತದೆ. ಹಾಗಾಗಿ 30 ಜನರಲ್ಲಿ 10 ಜನ ಸರಿ ಹೇಳಿದರೆ ಅದು ಏನೂ ಅಲ್ಲ. ಕನಿಷ್ಠ 15 ಜನ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ಇದೆ ಅಂತ 5 ಶೇಕಡಾ ಮಟ್ಟದಲ್ಲಿ ಹೇಳಬಹುದು, ಅಂದರೆ ಬರೀ ಊಹೆಯಿಂದ ಹಾಗಾಗುವ ಸಾಧ್ಯತೆ 5 ಶೇಕಡಾಕ್ಕಿಂತ ಕಡಿಮೆ.

ಅಲ್ಲಿಗೆ ನಾಲ್ಕನೆಯದಕ್ಕೆ ಬಂದೆವು, ಅಂಕಿಅಂಶ ಶಾಸ್ತ್ರ. ಎಲ್ಲರೂ ಪಾಸಾದರೆ ಸಾಕು ಅಂತ ಓದುವ ಪೇಪರ್ ಇದು. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲ ವಿಜ್ಞಾನಗಳಲ್ಲೂ ಬಳಸುವ ಟಿ ಟೆಸ್ಟ್ ಹುಟ್ಟಿದ್ದೇ ಒಂದು ಬಿಯರ್ ಕಂಪನಿಯಲ್ಲಿ. ಗಿನ್ನಿಸ್‌ನಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್, ನಾಲ್ಕೈದು ಸ್ಯಾಂಪಲ್ ನೋಡಿ ಇಡೀ ಬ್ಯಾಚ್ ಬಗ್ಗೆ ಎಷ್ಟು ಧೈರ್ಯವಾಗಿ ಹೇಳಬಹುದು ಅನ್ನುವ ಪ್ರಶ್ನೆಗೆ ಉತ್ತರ ಹುಡುಕಿ, 1908ರಲ್ಲಿ ಸ್ಟೂಡೆಂಟ್ ಅನ್ನುವ ಹೆಸರಿನಲ್ಲಿ ಪ್ರಕಟಿಸಿದ. ಕಾರ್ಖಾನೆಯಲ್ಲಿ ನಿಮ್ಮ ಮುಂದೆಯೂ ಇದೇ ಪ್ರಶ್ನೆ ಇರುತ್ತದೆ.

ಅಳತೆಯ ಬಗ್ಗೆ ಇನ್ನೊಂದು ಮಾತು. ಏನನ್ನು ಅಳೆಯುತ್ತಿದ್ದೇವೆ ಅಂತ ಯಾವಾಗಲೂ ಕೇಳಿಕೊಳ್ಳಿ. ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ಕೊಟ್ಟ ವಿಧಾನದಿಂದ ಇಂದಿಗೂ ಆಹಾರದ ಪ್ರೋಟೀನ್ ಲೆಕ್ಕ ಹಾಕುತ್ತಾರೆ. ಅದು ನಿಜಕ್ಕೂ ಅಳೆಯುವುದು ನೈಟ್ರೋಜನ್, ಪ್ರೋಟೀನ್ ಅಲ್ಲ. ಬಂದ ಅಂಕಿಯನ್ನು ಸಾಮಾನ್ಯವಾಗಿ 6.25ರಿಂದ ಗುಣಿಸುತ್ತೇವೆ. 2008ರಲ್ಲಿ ಚೀನಾದಲ್ಲಿ ಇದೇ ಸಂದಿಯಲ್ಲಿ ಮೋಸ ನುಗ್ಗಿತು. ನೀರು ಬೆರೆಸಿದ ಹಾಲಿಗೆ ಮೆಲಮೈನ್ ಹಾಕಿದರು. ಅದರ ತೂಕದ ಮೂರನೇ ಎರಡು ಭಾಗ ನೈಟ್ರೋಜನ್. ಪರೀಕ್ಷೆಯಲ್ಲಿ ಪ್ರೋಟೀನ್ ಸರಿಯಾಗಿದೆ ಅಂತ ಬಂತು. ಆ ಹಾಲಿನ ಪುಡಿ ಕುಡಿದ ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಶಿಶುಗಳು ಸತ್ತವು. ಟೈಟ್ರೇಶನ್ ಮಾಡುವಾಗ ಬ್ಯೂರೆಟ್ ಮುಂದೆ ನಿಂತು ನನಗೆ ಇಂದಿಗೂ ಇದು ನೆನಪಾಗುತ್ತದೆ.

ಹೆಜ್ಜೆ 6: ಇಂಟರ್ನ್‌ಶಿಪ್‌ಗೆ ಬೇಗ ಹೋಗಿ

ಕೊನೆಯ ವರ್ಷದವರೆಗೆ ಕಾಯಬೇಡಿ. ಎರಡನೇ ವರ್ಷದ ರಜೆಯಲ್ಲೇ ಎರಡು ವಾರ ಸಿಕ್ಕರೂ ಹೋಗಿ. ಹೆಸರುವಾಸಿ ಕಂಪನಿಯ ಆಫೀಸಿನಲ್ಲಿ ಕೂತು ಫೈಲ್ ಜೋಡಿಸುವುದಕ್ಕಿಂತ ಸಣ್ಣ ಬೇಕರಿ ಅಥವಾ ಡೈರಿಯಲ್ಲಿ ಲೈನ್ ಪಕ್ಕ ನಿಲ್ಲುವುದು ಎಷ್ಟೋ ಮೇಲು. ಉಂಗುರ, ವಾಚು, ನೇಲ್ ಪಾಲಿಶ್ ಮನೆಯಲ್ಲಿ ಬಿಟ್ಟು ಹೋಗಿ. ಕೂದಲಿಗೆ ನೆಟ್ ಕೊಡುತ್ತಾರೆ. ಕೈ ಕೊಯ್ದುಕೊಂಡರೆ ಅಲ್ಲಿ ಹಾಕುವ ಪ್ಲಾಸ್ಟರ್ ನೀಲಿ ಬಣ್ಣದ್ದು, ಯಾಕೆಂದರೆ ನೀಲಿ ಬಣ್ಣದ ಆಹಾರ ಅಪರೂಪ, ಬಿದ್ದರೆ ಕಣ್ಣಿಗೆ ಬೀಳುತ್ತದೆ. ಅದರೊಳಗೆ ತೆಳ್ಳಗೆ ಲೋಹದ ಪಟ್ಟಿಯೂ ಇರುತ್ತದೆ, ಕಣ್ಣು ತಪ್ಪಿದರೂ ಮೆಟಲ್ ಡಿಟೆಕ್ಟರ್ ಹಿಡಿಯಲಿ ಅಂತ.

ಆ ಮೆಟಲ್ ಡಿಟೆಕ್ಟರ್ ನನಗೆ ಕಲಿಸಿದ್ದನ್ನು ಹೇಳಿಬಿಡುತ್ತೇನೆ. ಒಂದು ಬಿಸ್ಕತ್ತು ಲೈನ್‌ನಲ್ಲಿ ರಾತ್ರಿ ಶಿಫ್ಟ್. ಗಂಟೆಗೊಮ್ಮೆ ಮೂರು ಟೆಸ್ಟ್ ತುಂಡುಗಳನ್ನು ಡಿಟೆಕ್ಟರ್‌ನಲ್ಲಿ ಹಾಯಿಸಬೇಕು: ಕಬ್ಬಿಣ, ಕಬ್ಬಿಣವಲ್ಲದ ಲೋಹ, ಸ್ಟೇನ್‌ಲೆಸ್ ಸ್ಟೀಲ್. ಪ್ರತಿ ಸಲವೂ ಬೆಲ್ಟ್ ಅದನ್ನು ಪಕ್ಕಕ್ಕೆ ತಳ್ಳಬೇಕು. ಎರಡೂವರೆಗೆ ಹಾಕಿದಾಗ ಸ್ಟೀಲ್ ತುಂಡು ಹಾಗೇ ಮುಂದೆ ಹೋಯಿತು. ಮತ್ತೆ ಹಾಕಿದೆ, ಮತ್ತೆ ಹೋಯಿತು. ಒಂದೂವರೆಗೆ ಎಲ್ಲ ಸರಿಯಿತ್ತು. ಅಂದರೆ ಆ ಒಂದು ಗಂಟೆಯಲ್ಲಿ ಯಾವಾಗ ಕೆಟ್ಟಿತು ಅಂತ ಯಾರಿಗೂ ಗೊತ್ತಿಲ್ಲ. ಲೈನ್ ನಿಲ್ಲಿಸಿ, ಒಂದೂವರೆಯಿಂದ ಪ್ಯಾಕ್ ಆದ ಅಷ್ಟೂ ಪೆಟ್ಟಿಗೆಗೆ ಹೋಲ್ಡ್ ಸ್ಟಿಕ್ಕರ್ ಹಚ್ಚಿ, ಡಿಟೆಕ್ಟರ್ ಸರಿ ಮಾಡಿಸಿ, ಎಲ್ಲವನ್ನೂ ಮತ್ತೆ ಅದರಲ್ಲಿ ಹಾಯಿಸಬೇಕಾಯಿತು. ಲೋಡ್ ತಡವಾಯಿತು ಅಂತ ಪ್ರೊಡಕ್ಷನ್‌ನವರಿಗೆ ಸಿಟ್ಟು. "ಲೋಹ ಏನೂ ಸಿಗಲಿಲ್ಲವಲ್ಲ" ಅಂದರು. ಸಿಗದಿದ್ದದ್ದು ನಿಜ. ಆದರೆ ಮತ್ತೆ ಹಾಯಿಸುವ ಮುಂಚೆ ಅದನ್ನು ಹೇಳುವ ದಾರಿಯೇ ಇರಲಿಲ್ಲ. ಪುಸ್ತಕದಲ್ಲಿ ಕ್ರಿಟಿಕಲ್ ಕಂಟ್ರೋಲ್ ಪಾಯಿಂಟ್, ಅಂದರೆ ಅಪಾಯವನ್ನು ತಡೆಯಲೇಬೇಕಾದ ಹಂತ, ಅಂತ ಓದಿದ್ದು ನನಗೆ ಅರ್ಥವಾದದ್ದು ಬೆಳಗಿನ ಜಾವ ಆ ಪೆಟ್ಟಿಗೆಗಳ ಸಾಲಿನ ಮುಂದೆ.

ಇಂಟರ್ನ್‌ಶಿಪ್‌ನಲ್ಲಿ ದಿನಾ ಮೂರು ವಿಷಯ ಬರೆದಿಡಿ. ಇವತ್ತು ಏನು ಅಳೆದರು, ಅದರ ಮಿತಿ ಎಷ್ಟು, ಮಿತಿ ದಾಟಿದರೆ ಏನು ಮಾಡುತ್ತಾರೆ. ಕಂಪನಿಯ ರೆಸಿಪಿ, ಗ್ರಾಹಕರ ಹೆಸರು ಬರೆಯಬೇಡಿ, ಅದು ಅವರ ಗುಟ್ಟು. ಆಪರೇಟರ್‌ಗಳ ಹತ್ತಿರ ಮಾತಾಡಿ. ಯಂತ್ರದ ಸದ್ದು ಬದಲಾದದ್ದನ್ನು ಕೇಳಿಯೇ ಏನು ಕೆಟ್ಟಿದೆ ಅಂತ ಹೇಳುವವರು ಅವರು.

ಹೆಜ್ಜೆ 7: ಯಾವ ಕೆಲಸಗಳಿವೆ, ಅಲ್ಲಿ ದಿನ ಹೇಗಿರುತ್ತದೆ

ಹೆಚ್ಚಿನವರಿಗೆ ಮೊದಲ ಬಾಗಿಲು ಗುಣಮಟ್ಟ ವಿಭಾಗ. ಕ್ಯೂಸಿ ಅಂದರೆ ಸ್ಯಾಂಪಲ್ ತೆಗೆದು ಪರೀಕ್ಷಿಸುವುದು. ಕ್ಯೂಎ ಅಂದರೆ ತಪ್ಪೇ ಆಗದ ಹಾಗೆ ಪದ್ಧತಿ ಕಟ್ಟುವುದು, ದಾಖಲೆ ನೋಡುವುದು, ಆಡಿಟ್ ಎದುರಿಸುವುದು. ಶಿಫ್ಟ್ ಇರುತ್ತದೆ, ರಾತ್ರಿಯೂ ಬರುತ್ತದೆ, ನಿಂತೇ ಕೆಲಸ. ಶುರುವಿನಲ್ಲಿ ಬೇಸರವಾಗಬಹುದು. ಆದರೆ ಎರಡು ವರ್ಷ ಇಲ್ಲಿ ಇದ್ದವರಿಗೆ ಮುಂದೆ ಯಾವ ಕಡೆ ಹೋದರೂ ಕಾಲು ನೆಲದ ಮೇಲಿರುತ್ತದೆ. ನನ್ನ ಮಟ್ಟಿಗೆ ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಎಲ್ಲರೂ ಆಸೆಪಡುವುದು ಆರ್ ಅಂಡ್ ಡಿ, ಹೊಸ ತಿನಿಸು ತಯಾರಿಸುವ ಕೆಲಸ. ಹೊರಗಿನಿಂದ ನೋಡಿದಷ್ಟು ಬಣ್ಣಬಣ್ಣದ್ದಲ್ಲ. ಒಂದೇ ಸಾಸ್‌ನ ನಲವತ್ತನೇ ಟ್ರಯಲ್ ಮಾಡುತ್ತಿರುತ್ತೀರಿ, ಪ್ರತಿ ಸಲ ಒಂದೇ ಒಂದು ಅಂಶ ಬದಲಿಸಿ. ಇಲ್ಲಿ ಚಮಚ, ಕಪ್ ಲೆಕ್ಕ ಇಲ್ಲ, ಎಲ್ಲ ತೂಕದ ಶೇಕಡಾದಲ್ಲಿ. ನಿಜವಾದ ಪರೀಕ್ಷೆ ಬರುವುದು ದೊಡ್ಡ ಪ್ರಮಾಣಕ್ಕೆ ಹೋದಾಗ. ಪಾತ್ರೆಯ ಉದ್ದಗಲ ಎತ್ತರ ಹತ್ತು ಪಟ್ಟಾದರೆ ಒಳಗೆ ಹಿಡಿಯುವುದು ಸಾವಿರ ಪಟ್ಟಾಗುತ್ತದೆ, ಶಾಖ ಕೊಡುವ ಮೈ ಮಾತ್ರ ನೂರು ಪಟ್ಟು. ಅದಕ್ಕೇ ಲ್ಯಾಬ್‌ನಲ್ಲಿ ಹತ್ತು ನಿಮಿಷಕ್ಕೆ ಕುದಿ ಬಂದ ಸಾಸ್ ಟ್ಯಾಂಕ್‌ನಲ್ಲಿ ಒಂದು ಗಂಟೆಗೂ ಮೇಲೆ ಹಿಡಿಯಬಹುದು. ಅಷ್ಟು ಹೊತ್ತು ಬಿಸಿಯಲ್ಲಿದ್ದರೆ ಸಕ್ಕರೆ ಮತ್ತು ಅಮೈನೋ ಆಮ್ಲ ಸೇರಿ ಬಣ್ಣ ಕಪ್ಪಾಗುತ್ತದೆ, ರುಚಿ ಸ್ವಲ್ಪ ಕಹಿಯಾಗುತ್ತದೆ. 1912ರಲ್ಲಿ ಲೂಯಿ ಕಮೀಲ್ ಮಯಾರ್ ವಿವರಿಸಿದ ಕ್ರಿಯೆ ಇದು. ಬ್ರೆಡ್ಡಿನ ಹೊರಪದರಕ್ಕೆ ಆ ಕಮ್ಮನೆ ವಾಸನೆ ಕೊಡುವುದೂ ಇದೇ. ಆರ್ ಅಂಡ್ ಡಿಯವರು ಪ್ರೊಡಕ್ಷನ್‌ನವರ ಜೊತೆ ಗಂಟೆಗಟ್ಟಲೆ ಕೂರುವುದು ಇಂಥ ಕಾರಣಕ್ಕೆ.

ಫುಡ್ ಸೇಫ್ಟಿ ಮತ್ತು ಆಡಿಟ್ ಇನ್ನೊಂದು ದೊಡ್ಡ ದಾರಿ. ಇಲ್ಲಿ ಹ್ಯಾಸಪ್ (HACCP) ಅನ್ನುವುದೇ ಅನ್ನ. ಬಾಹ್ಯಾಕಾಶಕ್ಕೆ ಹೋಗುವವರಿಗೆ ಆಹಾರ ತಯಾರಿಸುವಾಗ ಪಿಲ್ಸ್‌ಬರಿ ಕಂಪನಿ, ನಾಸಾ ಮತ್ತು ಅಮೆರಿಕದ ಸೇನೆಯ ಲ್ಯಾಬ್ 1960ರ ದಶಕದಲ್ಲಿ ಸೇರಿ ಬೆಳೆಸಿದ ಪದ್ಧತಿ ಇದು. ತಯಾರಾದ ಮೇಲೆ ಪರೀಕ್ಷಿಸುತ್ತಾ ಹೋದರೆ ಬ್ಯಾಚ್‌ನ ಹೆಚ್ಚು ಪಾಲು ಪರೀಕ್ಷೆಗೇ ಖರ್ಚಾಗುತ್ತಿತ್ತು. ಅದರ ಬದಲು ಅಪಾಯ ಎಲ್ಲಿ ಹುಟ್ಟುತ್ತದೋ ಅಲ್ಲೇ ಹಿಡಿಯಬೇಕು ಅನ್ನುವುದು ಅದರ ತಿರುಳು. ಇದರ ಏಳು ತತ್ವಗಳನ್ನು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಎಫ್‌ಎಒ ಮತ್ತು ಆರೋಗ್ಯ ಸಂಸ್ಥೆ ಡಬ್ಲ್ಯುಎಚ್‌ಒ ಜೊತೆಗೂಡಿ ನಡೆಸುವ, ಆಹಾರ ಮಾನದಂಡಗಳ ಕೋಡೆಕ್ಸ್ ಆಯೋಗವೂ ಒಪ್ಪಿದೆ. ಬರೆಯಲು ಬೇಸರಪಡದವರು, ಇಲ್ಲ ಅನ್ನಬೇಕಾದಾಗ ಸಭ್ಯವಾಗಿ ಇಲ್ಲ ಅನ್ನಬಲ್ಲವರು ಇಲ್ಲಿ ಬೆಳೆಯುತ್ತಾರೆ. ಆಡಿಟರ್ ಆಗಲು ಕೆಲವು ವರ್ಷ ಕಾರ್ಖಾನೆಯ ಅನುಭವ ಬೇಕು.

ಲೇಬಲ್ ಮತ್ತು ಕಾನೂನು ನೋಡಿಕೊಳ್ಳುವ ರೆಗ್ಯುಲೇಟರಿ ವಿಭಾಗ ಕೂತು ಮಾಡುವ ಕೆಲಸ. ಓದುವ ತಾಳ್ಮೆ ಬೇಕು. ಅಲರ್ಜಿ ತರುವ ಒಂದು ಪದಾರ್ಥದ ಹೆಸರು ಲೇಬಲ್‌ನಿಂದ ಬಿಟ್ಟುಹೋದರೆ ಇಡೀ ಮಾಲು ಅಂಗಡಿಗಳಿಂದ ವಾಪಸ್ ತರಿಸಬೇಕಾಗುತ್ತದೆ.

ಇನ್ನೂ ಇವೆ. ಪರಿಮಳ ಕಟ್ಟುವ ಫ್ಲೇವರಿಸ್ಟ್, ಇದಕ್ಕೆ ಹಿರಿಯರೊಬ್ಬರ ಕೈಕೆಳಗೆ ವರ್ಷಗಟ್ಟಲೆ ಕಲಿಯಬೇಕು. ಪ್ಯಾಕೇಜಿಂಗ್. ಸೆನ್ಸರಿ ಪ್ಯಾನೆಲ್ ನಡೆಸುವವರು. ಪರೀಕ್ಷಾ ಲ್ಯಾಬ್‌ಗಳ ಅನಲಿಸ್ಟ್. ಜಾಮ್ ಗಟ್ಟಿಯಾಗಿಸುವ ಪೆಕ್ಟಿನ್, ಕಿಣ್ವ, ಯೀಸ್ಟ್ ಮಾರುವ ಕಂಪನಿಗಳ ಟೆಕ್ನಿಕಲ್ ಸೇಲ್ಸ್, ಊರೂರು ಸುತ್ತುವ ಆಸೆ ಇದ್ದವರಿಗೆ. ಸರ್ಕಾರದ ಆಹಾರ ತಪಾಸಣೆ ಹುದ್ದೆಗಳು. ಪಾಠ ಮತ್ತು ಸಂಶೋಧನೆ. ಸ್ವಂತ ಉದ್ಯಮ ಅಂದರೆ ಮೊದಲು ಬೇರೆಯವರ ಪ್ಲಾಂಟ್‌ನಲ್ಲಿ ಮೂರು ವರ್ಷ ಕಳೆಯಿರಿ ಅನ್ನುತ್ತೇನೆ.

ಹೆಜ್ಜೆ 8: ಮಾಸ್ಟರ್ಸ್ ಬೇಕಾ, ಸರ್ಟಿಫಿಕೇಟ್ ಬೇಕಾ?

ಪ್ಲಾಂಟ್ ಕೆಲಸಕ್ಕೆ ಪದವಿ ಸಾಕು. ಆರ್ ಅಂಡ್ ಡಿ, ಸಂಶೋಧನೆಗೆ ಮಾಸ್ಟರ್ಸ್ ಇದ್ದರೆ ಅನುಕೂಲ. ಒಂದೆರಡು ವರ್ಷ ಕೆಲಸ ಮಾಡಿ ಆಮೇಲೆ ಓದಿದವರಿಗೆ ತಾವು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇವೆ ಅಂತ ಸ್ಪಷ್ಟ ಇರುತ್ತದೆ. ಕೋರ್ಸ್‌ಗಳಲ್ಲಿ ಮೊದಲು ಹ್ಯಾಸಪ್ ತರಬೇತಿ ಮುಗಿಸಿ. ನಂತರ ಆಹಾರ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 22000ರ ಇಂಟರ್ನಲ್ ಆಡಿಟರ್ ಕೋರ್ಸ್. 2005ರಲ್ಲಿ ಬಂದ ಈ ಮಾನದಂಡವನ್ನು 2018ರಲ್ಲಿ ತಿದ್ದಿದ್ದಾರೆ, ಹೊಸದನ್ನೇ ಕಲಿಸುತ್ತಾರಾ ಕೇಳಿಕೊಳ್ಳಿ. ಲೀಡ್ ಆಡಿಟರ್ ಕೋರ್ಸ್ ದುಬಾರಿ, ಓದುವಾಗಲೇ ಅದಕ್ಕೆ ದುಡ್ಡು ಸುರಿಯುವ ಅಗತ್ಯ ಇಲ್ಲ.

ಹೆಜ್ಜೆ 9: ಇಂಟರ್‌ವ್ಯೂ ಮತ್ತು ಮೊದಲ ತಿಂಗಳು

ರೆಸ್ಯೂಮೆಯಲ್ಲಿ "ಪರಿಶ್ರಮಿ, ತಂಡದ ಜೊತೆ ಬೆರೆಯುವವನು" ಅಂತ ಬರೆಯುವ ಬದಲು ಕೈಯಾರೆ ಮಾಡಿದ್ದನ್ನು ಬರೆಯಿರಿ. ಯಾವ ಯಂತ್ರ ಓಡಿಸಿದ್ದೀರಿ, ಯಾವ ಪರೀಕ್ಷೆ ಒಬ್ಬರೇ ಮಾಡಬಲ್ಲಿರಿ, ಪ್ರಾಜೆಕ್ಟ್‌ನಲ್ಲಿ ಎಷ್ಟು ಟ್ರಯಲ್ ಮಾಡಿದಿರಿ, ಏನು ಕಂಡಿತು.

ಇಂಟರ್‌ವ್ಯೂನಲ್ಲಿ ನಾನು ಕೇಳುವ ಪ್ರಶ್ನೆ ಒಂದಿದೆ. ಜಾಮ್ ಯಾಕೆ ಕೆಡುವುದಿಲ್ಲ? ಸಕ್ಕರೆ ಇದೆ ಅದಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ಅಲ್ಲಿಗೆ ನಿಲ್ಲಬೇಡಿ. ಕರಗಿದ ಘನ ಅಂಶ ಸುಮಾರು 65 ಶೇಕಡಾ, ಅದರಿಂದ ವಾಟರ್ ಆಕ್ಟಿವಿಟಿ ಇಳಿಯುತ್ತದೆ. ಪಿಎಚ್ 3ರ ಹತ್ತಿರ, ಹಾಗಾಗಿ ಬೊಟುಲಿನಮ್ ಭಯ ಇಲ್ಲ. ಬಿಸಿಯಿರುವಾಗಲೇ ತುಂಬಿ ಮುಚ್ಚುತ್ತೇವೆ, ಅದರಿಂದ ಬೂಸ್ಟು, ಯೀಸ್ಟ್ ಸಾಯುತ್ತವೆ. ಹಾಗಿದ್ದರೂ ಬಾಟಲಿ ತೆರೆದ ಮೇಲೆ ಮೇಲ್ಮೈಯಲ್ಲಿ ಬೂಸ್ಟು ಬರಬಹುದು, ಯಾಕೆಂದರೆ ಕಡಿಮೆ ನೀರಿನಲ್ಲೂ ಬೆಳೆಯುವ ಬೂಸ್ಟುಗಳಿವೆ. ಒಂದೇ ತಡೆ ಅಲ್ಲ, ಒಂದರ ಮೇಲೊಂದು ಮೂರು ತಡೆ. ಹೀಗೆ ಹೇಳಿದವರಿಗೆ ನಾನು ಎರಡನೇ ಪ್ರಶ್ನೆ ಕೇಳುತ್ತೇನೆ: ಸಕ್ಕರೆ ಅರ್ಧಕ್ಕಿಳಿಸಿದ ಜಾಮ್ ಮಾಡಬೇಕು, ಏನೇನು ಬದಲಿಸುತ್ತೀರಿ? ಇದಕ್ಕೆ ಪೂರ್ತಿ ಉತ್ತರ ಬರಬೇಕಾಗಿಲ್ಲ. ಹೋದ ತಡೆಯ ಜಾಗಕ್ಕೆ ಇನ್ನೊಂದು ತಡೆ ಬೇಕು, ಪೆಕ್ಟಿನ್ ಕೂಡ ಬೇರೆ ಥರದ್ದು ಬೇಕಾಗಬಹುದು ಅಂತ ಹೊಳೆದರೆ ಸಾಕು.

ಕೆಲಸ ಸಿಕ್ಕ ಮೊದಲ ವಾರ ಒಂದು ಹಾಳೆ, ಪೆನ್ನು ಹಿಡಿದು ಪ್ಲಾಂಟ್ ಪೂರ್ತಿ ನಡೆಯಿರಿ. ಕಚ್ಚಾ ಮಾಲು ಇಳಿಸುವ ಜಾಗದಿಂದ ಲಾರಿ ಹೊರಡುವ ಬಾಗಿಲವರೆಗೆ. ಪ್ರತಿ ಹಂತವನ್ನೂ ಬರೆದುಕೊಳ್ಳಿ. ಮುರಿದ ಬಿಸ್ಕತ್ತು ಎಲ್ಲಿಗೆ ಹೋಗುತ್ತದೆ? ಮತ್ತೆ ಹಿಟ್ಟಿಗೆ ಸೇರುತ್ತದಾ? ಸೇರುವುದಾದರೆ ಯಾವ ಬ್ಯಾಚ್‌ಗೆ? ಬಂದು ಹ್ಯಾಸಪ್ ಫೈಲ್‌ನಲ್ಲಿರುವ ಫ್ಲೋ ಚಾರ್ಟ್ ಪಕ್ಕದಲ್ಲಿ ನಿಮ್ಮ ಹಾಳೆ ಇಟ್ಟು ಹೋಲಿಸಿ. ಎರಡೂ ಕೂಡಿಬರದ ಜಾಗ ಒಂದಾದರೂ ಸಿಗಬಹುದು. ಅದಕ್ಕೆ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿ, ನಿಮ್ಮ ಸೂಪರ್‌ವೈಸರ್ ಹತ್ತಿರ ಹೋಗಿ "ಸಾರ್, ಇದು ಯಾಕೆ ಹೀಗಿದೆ?" ಅಂತ ಕೇಳಿ.